ಗಂಜಿ ಇಳಿಯುತ್ತದೆ, ಅನ್ನ ನಿಲ್ಲುತ್ತದೆ: ಜಠರದ ನರ ಕೆಟ್ಟಾಗ ಹೀಗೇಕೆ?

ಪ್ರಶ್ನೆ: ತೋಟಿಗ, ಹೊಸನಗರ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇದೆ. ಕಳೆದ ಮಳೆಗಾಲದಿಂದ ಅವರಿಗೆ ಊಟವೇ ಒಂದು ಸಂಕಟವಾಗಿದೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು ಎನ್ನುತ್ತಾರೆ, ಮಧ್ಯಾಹ್ನ ಉಂಡ ಅನ್ನ ಸಂಜೆಯಾದರೂ ಎದೆಯ ಕೆಳಗೆ ಕುಳಿತೇ ಇದೆ ಎನ್ನುತ್ತಾರೆ, ಕೆಲವು ರಾತ್ರಿ ವಾಂತಿಯಾದರೆ ಬೆಳಿಗ್ಗೆ ತಿಂದ ಅಕ್ಕಿ ರೊಟ್ಟಿಯ ಚೂರುಗಳು ಗುರುತು ಸಿಗುವಂತೆ ಹೊರಬರುತ್ತವೆ. ಆದರೆ ಗಂಜಿ, ಮಜ್ಜಿಗೆ, ತಂಬುಳಿ ಕುಡಿದರೆ ಯಾವ ತೊಂದರೆಯೂ ಇಲ್ಲ.

ಶಿವಮೊಗ್ಗದಲ್ಲಿ ಎಂಡೋಸ್ಕೋಪಿ ಮಾಡಿಸಿದೆವು. ಹುಣ್ಣಿಲ್ಲ, ಗಂಟಿಲ್ಲ, ಜಠರದ ಬಾಯಿ ಎಲ್ಲಿಯೂ ಕಟ್ಟಿಕೊಂಡಿಲ್ಲ ಎಂದು ವೈದ್ಯರು ಹೇಳಿದರು. ಸಕ್ಕರೆ ಕಾಯಿಲೆಯಿಂದ ಜಠರದ ನರಗಳು ದುರ್ಬಲವಾಗಿವೆ, ಇದಕ್ಕೆ ಗ್ಯಾಸ್ಟ್ರೋಪರೇಸಿಸ್ ಎನ್ನುತ್ತಾರೆ ಎಂದು ತಿಳಿಸಿ ಮಾತ್ರೆ ಬರೆದುಕೊಟ್ಟರು. ಹೊರಗೆ ಸಾಲು ಉದ್ದವಿದ್ದುದರಿಂದ ಹೆಚ್ಚು ಕೇಳಲು ಆಗಲಿಲ್ಲ.

ನನಗೆ ಅರ್ಥವಾಗದಿರುವುದು ಇದು. ಚೀಲ ಒಂದೇ, ಅದಕ್ಕೆ ಬರುವ ನರವೂ ಒಂದೇ ಎಂದಾದರೆ ದ್ರವ ಸರಾಗವಾಗಿ ಹೋಗಿ ಘನ ಪದಾರ್ಥ ಮಾತ್ರ ನಿಲ್ಲುವುದು ಹೇಗೆ? ಇದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿಯೂ ಇದೆ. ನಮ್ಮ ಸೋದರಮಾವನವರಿಗೆ ಬಹಳ ಹಿಂದೆ ಅಲ್ಸರ್ ಆಪರೇಷನ್ ಆಗಿತ್ತು, ಅದರಲ್ಲಿ ಹೊಟ್ಟೆಯ ನರವನ್ನೇ ಕತ್ತರಿಸಿದ್ದರಂತೆ. ಆ ಬಳಿಕ ಅವರಿಗೆ ಪಾಯಸ ಕುಡಿದ ಸ್ವಲ್ಪ ಹೊತ್ತಿಗೆಲ್ಲ ಬೆವರು, ಎದೆಬಡಿತ, ಭೇದಿ; ಕುಡಿದದ್ದು ತಡೆಯಿಲ್ಲದೆ ಕರುಳಿಗೆ ಓಡುತ್ತದೆ ಎಂದು ಆಗಿನ ವೈದ್ಯರು ಹೇಳಿದ್ದರು. ನರ ಹಾಳಾದರೆ ಒಬ್ಬರಿಗೆ ನಿಧಾನ, ಇನ್ನೊಬ್ಬರಿಗೆ ಅವಸರ, ಇವೆರಡೂ ಒಟ್ಟಿಗೆ ನಿಜವಾಗಿರಲು ಹೇಗೆ ಸಾಧ್ಯ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಉಪನ್ಯಾಸಕಿ, ಶಿವಮೊಗ್ಗ

ತೋಟಿಗರೇ, ನಿಮ್ಮ ಎರಡನೆಯ ಪ್ರಶ್ನೆಯೊಳಗೇ ಮೊದಲನೆಯದರ ಉತ್ತರವಿದೆ. ನಾನು ಶರೀರಕ್ರಿಯಾಶಾಸ್ತ್ರ ಪಾಠ ಹೇಳುತ್ತಿದ್ದವಳು, ಚಿಕಿತ್ಸೆ ಮಾಡುವವಳಲ್ಲ. ಆದ್ದರಿಂದ ಔಷಧದ ಮಾತನ್ನು ವೈದ್ಯರಿಗೆ ಬಿಟ್ಟು, ಜಠರ ಕೆಲಸ ಮಾಡುವ ರೀತಿಯನ್ನಷ್ಟೇ ಹೇಳುತ್ತೇನೆ.

ನೋಡಲು ಜಠರ ಒಂದೇ ಚೀಲ. ಕೆಲಸದ ದೃಷ್ಟಿಯಿಂದ ಅದು ಎರಡು. ಮೇಲಿನ ಭಾಗ, ಅಂದರೆ ಫಂಡಸ್ ಎಂಬ ತುದಿ ಮತ್ತು ಅದಕ್ಕೆ ಹೊಂದಿದ ನಡುಭಾಗದ ಮೇಲಿನ ಪಾಲು, ಉಂಡದ್ದನ್ನು ಇಟ್ಟುಕೊಳ್ಳುವ ಜಾಗ. ಕೆಳಗಿನ ಆಂಟ್ರಮ್ ಎಂಬ ಭಾಗ ಅರೆಯುವ ಜಾಗ. ಅದರಾಚೆ ಪೈಲೋರಸ್ ಎಂಬ ಬಿಗಿಯಾದ ಬಾಗಿಲು, ಬಾಗಿಲಿನಾಚೆ ಸಣ್ಣಕರುಳಿನ ಮೊದಲ ಭಾಗವಾದ ಡ್ಯುವೋಡಿನಂ. ದ್ರವವನ್ನು ಹೊರಗೆ ಕಳಿಸುವುದು ಮುಖ್ಯವಾಗಿ ಮೇಲಿನ ಭಾಗದ ಒತ್ತಡ. ಘನವನ್ನು ಕಳಿಸುವುದು ಕೆಳಗಿನ ಭಾಗದ ಅರೆತ. ಮೆದುಳಿನಿಂದ ಇಳಿದು ಬರುವ ವೇಗಸ್ ನರ ಎರಡು ಭಾಗಗಳಿಗೂ ಹೋಗುತ್ತದೆಯಾದರೂ ಎರಡು ಕಡೆ ಅದು ಕೊಡುವ ಆಜ್ಞೆ ಒಂದೇ ಅಲ್ಲ.

ಮೊದಲು ಮೇಲಿನ ಭಾಗ. ನಾವು ತುತ್ತು ನುಂಗಿದ ಕೂಡಲೇ ವೇಗಸ್ ನರದ ಮೂಲಕ ಫಂಡಸ್ಸಿಗೆ ಸಡಿಲಾಗುವಂತೆ ಸೂಚನೆ ಬರುತ್ತದೆ, ಅಲ್ಲಿನ ಗೋಡೆಯೊಳಗಿನ ನರಕೋಶಗಳು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ಸ್ನಾಯುವನ್ನು ಸಡಿಲಿಸುತ್ತವೆ, ಹೀಗಾಗಿ ಖಾಲಿಯಿದ್ದಾಗ 100 ಮಿಲಿಲೀಟರ್ ಕೂಡ ಹಿಡಿಯದಷ್ಟು ಸಂಕುಚಿಸಿರುವ ಜಠರವು ಒಳಗಿನ ಒತ್ತಡ ಹೆಚ್ಚಾಗದಂತೆಯೇ ಒಂದು ಲೀಟರಿಗೂ ಮಿಕ್ಕಿ ಹಿಗ್ಗುತ್ತದೆ. ಆಮೇಲೆ ನಿಧಾನವಾಗಿ ಗೋಡೆ ಬಿಗಿಯಾಗುತ್ತ ಬಂದು ಒಳಗಿನ ದ್ರವವನ್ನು ಕೆಳಕ್ಕೆ ಒತ್ತುತ್ತದೆ. ಬರಿಯ ನೀರು ಕುಡಿದರೆ ಅದರ ಅರ್ಧ ಸಾಮಾನ್ಯವಾಗಿ 20 ನಿಮಿಷದೊಳಗೆ ಕರುಳು ಸೇರಿರುತ್ತದೆ. ಪಾಯಸ, ಹಾಲು ಮುಂತಾದವು ಹಾಗೆ ಓಡುವುದಿಲ್ಲ. ಡ್ಯುವೋಡಿನಂನ ಒಳಪದರ ಸಕ್ಕರೆ, ಕೊಬ್ಬು, ಆಮ್ಲಗಳನ್ನು ಗುರುತಿಸಿ, ಹಾರ್ಮೋನುಗಳ ಮೂಲಕವೂ ವೇಗಸ್ ನರದ ಮೂಲಕವೂ ಮೇಲಕ್ಕೆ ಸುದ್ದಿ ಕಳಿಸಿ ಜಠರವನ್ನು ತಡೆಯುತ್ತದೆ. ಆರೋಗ್ಯವಂತರಲ್ಲಿ ನಿಮಿಷಕ್ಕೆ ಸುಮಾರು 2ರಿಂದ 3 ಕಿಲೋಕ್ಯಾಲರಿಯಷ್ಟೇ ಕರುಳಿಗೆ ಇಳಿಯುವಂತೆ ಈ ತಡೆ ನೋಡಿಕೊಳ್ಳುತ್ತದೆ. ವೇಗಸ್ ನರದ ತಂತುಗಳಲ್ಲಿ ಸುಮಾರು 80 ಪ್ರತಿಶತ ಮೆದುಳಿಗೆ ಸುದ್ದಿ ಒಯ್ಯುವಂಥವು, ಆಜ್ಞೆ ತರುವಂಥವು ಉಳಿದ ಅಲ್ಪ ಭಾಗ ಮಾತ್ರ ಎಂದು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ನಂಬುತ್ತಿರಲಿಲ್ಲ.

ಇನ್ನು ಕೆಳಗಿನ ಭಾಗ. ಜಠರದ ನಡುಭಾಗದಲ್ಲಿ ಕಾಹಾಲ್ ಕೋಶಗಳೆಂಬ ವಿಶೇಷ ಕೋಶಗಳ ಜಾಲವಿದೆ; 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ವಿಜ್ಞಾನಿ ರಾಮೋನ್ ಇ ಕಾಹಾಲ್ ಅವರ ಹೆಸರು ಅದಕ್ಕಿದೆ. ನಿಮಿಷಕ್ಕೆ ಸುಮಾರು ಮೂರು ಬಾರಿ ವಿದ್ಯುತ್ ಅಲೆ ಎಬ್ಬಿಸುವುದು ಈ ಕೋಶಗಳೇ ಹೊರತು ವೇಗಸ್ ನರವಲ್ಲ. ಆದರೆ ಅಲೆ ಬಂದಾಗ ಸ್ನಾಯು ಎಷ್ಟು ಬಲವಾಗಿ ಹಿಂಡಬೇಕೆಂಬುದು ನರದ ಕೈಯಲ್ಲಿದೆ, ಆ ಬಲವನ್ನು ಕೊಡುವ ರಾಸಾಯನಿಕ ಅಸಿಟೈಲ್‌ಕೋಲಿನ್. ಅಲೆಯೊಂದು ಪೈಲೋರಸ್ಸಿನ ಹತ್ತಿರ ಬರುವಷ್ಟರಲ್ಲಿ ಬಾಗಿಲು ಬಿಗಿದುಕೊಳ್ಳುತ್ತದೆ. ತಿಳಿಯಾದದ್ದು ಮತ್ತು ಬಹಳ ಸಣ್ಣ ಕಣಗಳು ಮಾತ್ರ ನುಸುಳಿ, ಉಳಿದದ್ದು ಹಿಂದಕ್ಕೆ ಚಿಮ್ಮುತ್ತದೆ. ಒರಳಿನಲ್ಲಿ ದೋಸೆಹಿಟ್ಟು ರುಬ್ಬುವಾಗ ಅಂಚಿಗೆ ಏರಿದ ಅಕ್ಕಿಯನ್ನು ಮತ್ತೆ ಮತ್ತೆ ಗುಂಡಿಗೆ ತಳ್ಳುತ್ತೇವಲ್ಲ, ಆಂಟ್ರಮ್ಮಿನಲ್ಲಿ ನಡೆಯುವುದೂ ಅದೇ. ಕಣಗಳು 1ರಿಂದ 2 ಮಿಲಿಮೀಟರಿಗೆ ಇಳಿಯುವ ತನಕ ಈ ರುಬ್ಬಾಟ ಮುಗಿಯುವುದಿಲ್ಲ. ಘನ ಆಹಾರ ಉಂಡ ಮೊದಲ ಅರ್ಧ ಗಂಟೆಯಷ್ಟು ಹೊತ್ತು ಬಹುತೇಕ ಏನೂ ಹೊರಹೋಗದೆ, ಆಮೇಲೆ ಸಮವೇಗದಲ್ಲಿ ಖಾಲಿಯಾಗುತ್ತ ಹೋಗುವುದು ಇದರಿಂದಲೇ.

ಈಗ ನಿಮ್ಮ ಸೋದರಮಾವನವರ ಆಪರೇಷನ್ ವಿಷಯಕ್ಕೆ ಬರೋಣ. ಆಮ್ಲ ತಗ್ಗಿಸುವ ಉದ್ದೇಶದಿಂದ ವೇಗಸ್ ನರದ ಎರಡು ಕಾಂಡಗಳನ್ನೂ ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ಡ್ಯುವೋಡಿನಂ ಹುಣ್ಣಿಗೆ 1943ರಲ್ಲಿ ಷಿಕಾಗೊದ ಲೆಸ್ಟರ್ ಡ್ರ್ಯಾಗ್‌ಸ್ಟೆಡ್ ಆರಂಭಿಸಿದರು. ಹುಣ್ಣು ಮಾಯುತ್ತಿತ್ತು, ಆದರೆ ಹಲವರಲ್ಲಿ ಉಂಡ ಊಟ ಜಠರದಲ್ಲೇ ನಿಂತು ಹುಳಿಯತೊಡಗಿತು. ಹಾಗಾಗಿ ನರ ಕತ್ತರಿಸುವುದರ ಜೊತೆಗೆ ಪೈಲೋರಸ್ಸನ್ನು ಅಗಲ ಮಾಡುವುದು ಇಲ್ಲವೇ ಜಠರಕ್ಕೂ ಸಣ್ಣಕರುಳಿಗೂ ಬೇರೊಂದು ದಾರಿ ಜೋಡಿಸುವುದು ವಾಡಿಕೆಯಾಯಿತು. ನಮ್ಮ ಕಡೆ ಅಲ್ಸರ್ ಆಪರೇಷನ್ ಎಂದು ಕರೆಯುತ್ತಿದ್ದದ್ದು ಬಹುಪಾಲು ಇದನ್ನೇ. ಈ ರೋಗಿಗಳನ್ನು ಪರೀಕ್ಷಿಸಿದಾಗ ತಿಳಿದದ್ದು: ನರ ಕತ್ತರಿಸಿದ ಮೇಲೆ ಆಂಟ್ರಮ್ಮಿಗೆ ಬಲವಿಲ್ಲ, ಆದ್ದರಿಂದ ಘನ ನಿಧಾನ, ಅದೇ ಹೊತ್ತಿಗೆ ಫಂಡಸ್ಸಿಗೆ ಸಡಿಲಾಗಲು ಬರುವುದಿಲ್ಲ, ಆದ್ದರಿಂದ ಕುಡಿದದ್ದರ ಮೇಲೆ ಒತ್ತಡ ಹೆಚ್ಚಿ ದ್ರವ ಅವಸರದಿಂದ ಇಳಿಯುತ್ತದೆ. ಬಾಗಿಲೂ ಅಗಲವಾಗಿದ್ದರೆ ಕೇಳಬೇಕೆ! ಸಿಹಿಯ ದ್ರವ ಒಮ್ಮೆಲೇ ಕರುಳಿಗೆ ಸುರಿದು, ಅದನ್ನು ತೆಳುವಾಗಿಸಲು ಮೈಯ ನೀರು ಕರುಳಿನೊಳಗೆ ಎಳೆಯಲ್ಪಟ್ಟು, ಬೆವರು ಎದೆಬಡಿತ ಬರುತ್ತದೆ. ಇದಕ್ಕೆ ಡಂಪಿಂಗ್ ಎಂದು ಹೆಸರು.

ಆಮೇಲೆ ಬಂದ ಸುಧಾರಿತ ವಿಧಾನದಲ್ಲಿ ಮೇಲ್ಭಾಗಕ್ಕೆ ಹೋಗುವ ಕವಲುಗಳನ್ನು ಮಾತ್ರ ಕತ್ತರಿಸಿ, ಆಂಟ್ರಮ್ಮಿಗೆ ಹೋಗುವ ಕವಲನ್ನು ಹಾಗೇ ಉಳಿಸಿದರು. ಈ ರೋಗಿಗಳಲ್ಲಿ ಘನ ಆಹಾರ ಹೆಚ್ಚುಕಡಿಮೆ ಎಂದಿನಂತೆ ಸಾಗಿತು, ದ್ರವದ ಆರಂಭದ ಅವಸರ ಮಾತ್ರ ಉಳಿಯಿತು. ಎರಡು ಭಾಗಗಳಿಗೆ ಎರಡು ಬಗೆಯ ಆಜ್ಞೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಕಾಣುವುದಿಲ್ಲ.

ನಿಮ್ಮ ತಂದೆಯವರಲ್ಲಿ ಯಾರೂ ನರ ಕತ್ತರಿಸಿಲ್ಲ. ಸಕ್ಕರೆ ವರ್ಷಗಟ್ಟಲೆ ಕೂತು ಅದನ್ನು ಸವೆಸಿದೆ. ವೇಗಸ್ಸಿನ ಜೊತೆಗೆ ಜಠರದ ಗೋಡೆಯೊಳಗಿನ ನರಕೋಶಗಳೂ ಕಾಹಾಲ್ ಕೋಶಗಳೂ ಕ್ಷೀಣಿಸುತ್ತವೆ. ಅರೆಯುವುದು ಹೆಚ್ಚು ಹೊಂದಾಣಿಕೆ ಬೇಡುವ ಕೆಲಸವಾದ್ದರಿಂದ ಮೊದಲು ಕೈಕೊಡುವುದು ಅದೇ; ನಾಲ್ಕು ತುತ್ತಿಗೇ ತುಂಬಿದಂತಾಗುವುದಕ್ಕೆ ಫಂಡಸ್ ಸಡಿಲಾಗದಿರುವುದೂ ಒಂದು ಕಾರಣವಿರಬಹುದು. ದ್ರವ ಇಳಿಯುತ್ತಿರುವುದರಿಂದ ನರ ಅರ್ಧ ಚೆನ್ನಾಗಿದೆ ಎಂದು ಮಾತ್ರ ತಿಳಿಯಬೇಡಿ. ನರ ದುರ್ಬಲವಾಗಿದ್ದರೂ ದ್ರವಕ್ಕೆ ಸ್ವಲ್ಪ ಒತ್ತಡ, ಸ್ವಲ್ಪ ಇಳಿಜಾರು ಸಾಕು. ಕಾಯಿಲೆ ಮುಂದುವರಿದವರಲ್ಲಿ ಪೌಷ್ಟಿಕವಾದ ದ್ರವವೂ ನಿಲ್ಲುವುದುಂಟು.

ಉತ್ತರ: ಶರಾವತಿ ಹಿನ್ನೀರು, ಸಾಗರ

ಮೇಡಂ ಅವರ ವಿವರಣೆ ತುಂಬ ಉಪಯುಕ್ತವಾಗಿದೆ. ಆದರೆ ಮನಸ್ಸಿನ ಪಾತ್ರವನ್ನು ಅವರು ಎತ್ತಲಿಲ್ಲ. ನಮ್ಮಲ್ಲಿ ಕೊಯ್ಲಿನ ಹೊತ್ತಿಗೆ ಕೊಳೆರೋಗ, ಅಡಿಕೆ ಧಾರಣೆ, ಕೂಲಿಯವರ ಚಿಂತೆ ತಲೆಗೇರಿದರೆ ಎಲೆಯ ಮುಂದೆ ಕುಳಿತರೂ ಊಟ ಸೇರುವುದಿಲ್ಲ, ಸೇರಿದ್ದು ಇಳಿಯುವುದಿಲ್ಲ. ಇದೂ ನರದ ಕೆಲಸವೇ ಅಲ್ಲವೇ? ಅಮೆರಿಕದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್, 1822ರಲ್ಲಿ ಗುಂಡೇಟು ತಗುಲಿ ಹೊಟ್ಟೆಯಲ್ಲಿ ರಂಧ್ರ ಉಳಿದುಹೋಗಿದ್ದ ಒಬ್ಬ ವ್ಯಕ್ತಿಯ ಜಠರವನ್ನು ವರ್ಷಗಟ್ಟಲೆ ಇಣುಕಿ ನೋಡಿ, ಸಿಟ್ಟು ಬಂದಾಗ ಜೀರ್ಣಕ್ರಿಯೆ ಕೆಡುವುದನ್ನು ಬರೆದಿಟ್ಟಿದ್ದಾರೆ. ಅನಂತರ ವಾಲ್ಟರ್ ಕ್ಯಾನನ್ ಎಕ್ಸ್-ರೇ ಬಳಸಿ ಬೆಕ್ಕುಗಳ ಜಠರದ ಅಲೆಗಳನ್ನು ನೋಡುತ್ತಿದ್ದಾಗ, ಬೆಕ್ಕು ಗಾಬರಿಗೊಂಡ ಕೂಡಲೇ ಅಲೆಗಳು ನಿಂತುಬಿಡುತ್ತಿದ್ದವು. ಸಮಾಧಾನಗೊಂಡರೆ ಮತ್ತೆ ಶುರುವಾಗುತ್ತಿದ್ದವು. ತೋಟಿಗರ ತಂದೆಯವರಿಗೂ ಮನಸ್ಸಿನ ಒತ್ತಡವೇ ಕಾರಣವಿರಬಹುದಲ್ಲವೇ?

ಇನ್ನೊಂದು ಸಂದೇಹ. ಊಟದ ಮೇಲೆ ಕವಳ (ಎಲೆಯಡಿಕೆ) ಹಾಕಿದರೆ ಅರಗುತ್ತದೆ ಎಂದು ನಮ್ಮ ಹಿರಿಯರ ನಂಬಿಕೆ. ಅಡಿಕೆಯಲ್ಲಿರುವ ಅಂಶ ನರದ ಮೇಲೆಯೇ ಕೆಲಸ ಮಾಡುತ್ತದೆ ಎಂದು ಓದಿದ್ದೇನೆ.

ಉತ್ತರ: ನಿವೃತ್ತ ಉಪನ್ಯಾಸಕಿ, ಶಿವಮೊಗ್ಗ

ಹಿನ್ನೀರಿನವರೇ, ನೀವು ಹೇಳುತ್ತಿರುವುದು ಇನ್ನೊಂದು ನರವ್ಯೂಹದ ಮಾತು. ಬೆನ್ನುಹುರಿಯಿಂದ ಬರುವ ಸಿಂಪಥೆಟಿಕ್ ನರಗಳು ಭಯ, ನೋವು, ಉದ್ವೇಗಗಳಲ್ಲಿ ನಾರ್‌ಅಡ್ರಿನಲಿನ್ ಸುರಿಸಿ, ಜಠರದ ಗೋಡೆಯೊಳಗಿನ ನರಕೋಶಗಳು ಅಸಿಟೈಲ್‌ಕೋಲಿನ್ ಬಿಡದಂತೆ ತಡೆಯುತ್ತವೆ. ವೇಗಸ್ ನರದ ಮೂಲಕವೂ ಮೆದುಳು ಅಲೆಗಳನ್ನು ತಗ್ಗಿಸುತ್ತದೆ. ಆದರೆ ಇದು ಬಂದುಹೋಗುವ ತಡೆ, ಗಾಬರಿ ಇಳಿದ ಮೇಲೆ ಅಲೆಗಳು ಮರಳುತ್ತವೆ. ದೀರ್ಘಕಾಲದ ಸಕ್ಕರೆ ಕಾಯಿಲೆಯಿರುವ ಒಬ್ಬರಿಗೆ ತಿಂಗಳುಗಟ್ಟಲೆ ಬೆಳಗಿನ ರೊಟ್ಟಿ ರಾತ್ರಿ ಹೊರಬರುತ್ತಿದ್ದರೆ ಅದನ್ನು ಚಿಂತೆಯ ಲೆಕ್ಕಕ್ಕೆ ಬರೆಯುವುದು ನನಗೆ ಸರಿಕಾಣುವುದಿಲ್ಲ. ಎಷ್ಟೋ ರೋಗಿಗಳನ್ನು ಎಲ್ಲ ಮನಸ್ಸಿನದ್ದು ಎಂದು ಹೇಳಿ ಮನೆಗೆ ಕಳಿಸುವುದುಂಟು. ಆ ಸಾಲಿಗೆ ಇವರನ್ನು ಸೇರಿಸುವುದು ಬೇಡ.

ಕವಳದ ಬಗ್ಗೆ: ಅಡಿಕೆಯ ಅರೆಕೋಲಿನ್ ಎಂಬ ಅಂಶ ಅಸಿಟೈಲ್‌ಕೋಲಿನ್ ಕೂರುವ ಕೆಲವು ಗ್ರಾಹಕಗಳ ಮೇಲೆಯೇ ಕೂರುತ್ತದೆ ಎಂಬುದು ನಿಜ, ಬಾಯಲ್ಲಿ ನೀರೂರುವುದಕ್ಕೆ ಅದೂ ಒಂದು ಕಾರಣ. ಅಷ್ಟರಿಂದ ಅದು ಈ ಕಾಯಿಲೆಗೆ ಮದ್ದಾಗುವುದಿಲ್ಲ. ಅಡಿಕೆ ಜಗಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದೆಂದು ವರ್ಗೀಕರಿಸಿದೆ. ಅಡಿಕೆಯಿಂದಲೇ ಬದುಕುವ ಸೀಮೆಯಲ್ಲಿ ಕುಳಿತು ಇದನ್ನು ಬರೆಯುವುದು ಯಾರಿಗೂ ಇಷ್ಟದ ಕೆಲಸವಲ್ಲ.

ಉತ್ತರ: ಅಡುಗೆಮನೆ, ತೀರ್ಥಹಳ್ಳಿ

ನಮ್ಮ ಅತ್ತೆಯವರಿಗೂ ಇದೇ ಕಾಯಿಲೆ ಇರುವುದರಿಂದ, ಆಹಾರತಜ್ಞರು ನಮಗೆ ಹೇಳಿದ್ದನ್ನು ಮಲೆನಾಡಿನ ಅಡುಗೆಗೆ ಹೊಂದಿಸಿ ಬರೆಯುತ್ತಿದ್ದೇನೆ.

ನಮ್ಮ ಊಟದಲ್ಲಿ ನಾರು ಹೆಚ್ಚು. ಕಳಲೆ, ಬಾಳೆದಿಂಡು, ಎಳೆ ಹಲಸಿನಕಾಯಿಯ ಪಲ್ಯ, ದಂಟು ಸಹಿತವಾದ ಸೊಪ್ಪು, ಇವು ಗಟ್ಟಿಮುಟ್ಟಾದ ಜಠರಕ್ಕೆ ಒಳ್ಳೆಯವಾದರೂ ಅರೆಯುವ ಬಲವಿಲ್ಲದ ಜಠರದಲ್ಲಿ ಹಾಗೇ ಉಳಿಯುತ್ತವೆ. ಆರೋಗ್ಯವಂತರಲ್ಲಿ ಹೀಗೆ ಅರೆಯಲಾಗದೆ ಉಳಿದದ್ದನ್ನು, ಊಟ ಮುಗಿದು ಹೊಟ್ಟೆ ಖಾಲಿಯಾದ ಮೇಲೆ ಒಂದೂವರೆ ಎರಡು ಗಂಟೆಗೊಮ್ಮೆ ಬರುವ ದೊಡ್ಡ ಅಲೆ ಗುಡಿಸಿಕೊಂಡು ಹೋಗುತ್ತದಂತೆ. ಈ ಕಾಯಿಲೆಯಲ್ಲಿ ಆ ಅಲೆಯೂ ಕ್ಷೀಣವಾಗುವುದರಿಂದ ನಾರು ಗಂಟುಕಟ್ಟಿ ಉಂಡೆಯಾಗುವ ಅಪಾಯವಿದೆ ಎಂದು ವೈದ್ಯರು ಎಚ್ಚರಿಸಿದ್ದರು. ನಾವು ಕಳಲೆಯನ್ನು ಪೂರ್ತಿ ಬಿಟ್ಟೆವು. ಸೊಪ್ಪಿನ ರುಚಿ ಬೇಕೆನಿಸಿದರೆ ಬೇಯಿಸಿ ರುಬ್ಬಿ ಸೋಸಿದ ತಂಬುಳಿ ಕೊಡುತ್ತೇವೆ.

ಕೊಬ್ಬು ಎಲ್ಲಕ್ಕಿಂತ ನಿಧಾನವಾಗಿ ಇಳಿಯುತ್ತದೆ. ತೆಂಗಿನಕಾಯಿ ತುಂಬಾ ರುಬ್ಬಿ ಹಾಕಿದ ಹುಳಿ, ಎಣ್ಣೆಯಲ್ಲಿ ಕರಿದ ಹಪ್ಪಳ ಇವನ್ನು ಕಡಿಮೆ ಮಾಡಿದ್ದೇವೆ. ಎರಡು ದೊಡ್ಡ ಊಟದ ಬದಲು ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ. ಅಕ್ಕಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಟ್ಟರೆ ಆದೀತು ಎಂದು ನಾವೂ ಅಂದುಕೊಂಡಿದ್ದೆವು. ನೆನೆದ ಚೂರು ಮೆತ್ತಗಾದರೂ ಚೂರೇ, ಕಣ ಸಣ್ಣದಾಗಬೇಕಾದರೆ ಮಿಕ್ಸಿಗೇ ಹಾಕಬೇಕು. ಹಲ್ಲಿನ ಸೆಟ್ ಸಡಿಲವಾಗಿದ್ದರೆ ಮೊದಲು ಅದನ್ನು ಸರಿಪಡಿಸಿ, ಏಕೆಂದರೆ ಬಾಯಿ ಮಾಡದ ಕೆಲಸವೆಲ್ಲ ಜಠರದ ಮೇಲೆ ಬೀಳುತ್ತದೆ. ಉಂಡ ಮೇಲೆ ಮಲಗಿಸದೆ ಕುಳ್ಳಿರಿಸಿ ಇಲ್ಲವೇ ಜಗಲಿಯಲ್ಲಿ ನಿಧಾನವಾಗಿ ನಡೆಸಿ.

ಗಂಜಿ ಇಳಿಯುತ್ತದೆಂದು ಮೂರು ಹೊತ್ತೂ ಗಂಜಿಯನ್ನೇ ಕೊಡುವುದು ಸರಿಯಲ್ಲ. ಅದರಲ್ಲಿ ಪಿಷ್ಟದ ಹೊರತು ಹೆಚ್ಚೇನೂ ಇಲ್ಲ, ಸಕ್ಕರೆಯೂ ಏರುತ್ತದೆ. ನುಣ್ಣಗೆ ಬೇಯಿಸಿದ ಹೆಸರುಬೇಳೆಯ ತಿಳಿ, ಕೆನೆ ತೆಗೆದ ಮೊಸರಿನ ಮಜ್ಜಿಗೆ, ಮೊಟ್ಟೆ ತಿನ್ನುವವರಾದರೆ ಅದರ ಬಿಳಿಭಾಗ, ಇವು ಜೊತೆಗಿರಲಿ.

ತೋಟಿಗ, ಹೊಸನಗರ

ಎಲ್ಲರಿಗೂ ಕೃತಜ್ಞತೆಗಳು. ಇನ್ನೆರಡು ಸಂಗತಿ ಕೇಳಬೇಕಿದೆ. ತಂದೆಯವರು ಊಟಕ್ಕೆ ಮೊದಲು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಈಚೆಗೆ ಉಂಡ ಸ್ವಲ್ಪ ಹೊತ್ತಿಗೇ ಸಕ್ಕರೆ ಕುಸಿದು ಕೈಕಾಲು ನಡುಗುತ್ತದೆ, ರಾತ್ರಿ ನೋಡಿದರೆ ವಿಪರೀತ ಏರಿರುತ್ತದೆ. ಇದಕ್ಕೂ ಜಠರಕ್ಕೂ ಸಂಬಂಧವಿದೆಯೇ? ಮಣಿಪಾಲಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದು ಒಬ್ಬರು ಸೂಚಿಸಿದರು. ಆಗುಂಬೆ ಘಾಟಿ ಇಳಿದು ಅಷ್ಟು ದೂರ ಅವರನ್ನು ಕರೆದೊಯ್ಯುವಷ್ಟು ಪ್ರಯೋಜನ ಅದರಲ್ಲಿದೆಯೇ?

ಉತ್ತರ: ಹಳ್ಳಿ ವೈದ್ಯ, ಕೊಪ್ಪ ಕಡೆ

ಸಂಬಂಧ ನೇರವಾಗಿದೆ. ಚುಚ್ಚಿದ ಇನ್ಸುಲಿನ್ ತನ್ನ ಹೊತ್ತಿಗೆ ಕೆಲಸ ಮಾಡುತ್ತದೆ, ಆದರೆ ಅನ್ನ ಇನ್ನೂ ಜಠರದಲ್ಲೇ ಇರುತ್ತದೆ. ಕರುಳಿಗೆ ಇಳಿಯದ ಅನ್ನದಿಂದ ರಕ್ತಕ್ಕೆ ಸಕ್ಕರೆ ಬಾರದು. ಹಾಗಾಗಿ ಮೊದಲು ಕುಸಿತ, ಇನ್ಸುಲಿನ್ ಪ್ರಭಾವ ಮುಗಿದ ಮೇಲೆ ಊಟ ಇಳಿದು ಏರಿಕೆ. ಏರಿದ ಸಕ್ಕರೆ ತಾನೇ ಜಠರವನ್ನು ಇನ್ನಷ್ಟು ನಿಧಾನಗೊಳಿಸುವುದರಿಂದ ಇದೊಂದು ಸುಳಿಯಾಗುತ್ತದೆ. ಇನ್ಸುಲಿನ್ನಿನ ಪ್ರಮಾಣವನ್ನಾಗಲಿ ಹೊತ್ತನ್ನಾಗಲಿ ನೀವಾಗಿ ಬದಲಿಸಬೇಡಿ. ಊಟದ ಹೊತ್ತು, ಇನ್ಸುಲಿನ್ ಹೊತ್ತು, ಸಕ್ಕರೆಯ ಅಂಕಿ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದು ನಿಮ್ಮ ವೈದ್ಯರಿಗೆ ತೋರಿಸಿ. ಊಟವಾದ ಮೇಲೆ ಇನ್ಸುಲಿನ್ ಕೊಡುವುದೇ ಅಥವಾ ಬೇರೆ ಬಗೆಯದಕ್ಕೆ ಬದಲಿಸುವುದೇ ಎಂದು ಅವರು ನಿರ್ಧರಿಸುತ್ತಾರೆ.

ಸಕ್ಕರೆ ಕುಸಿದಾಗ ಬಿಸ್ಕತ್ತು, ಬಾಳೆಹಣ್ಣು ಕೊಡುವ ಅಭ್ಯಾಸ ಮನೆಗಳಲ್ಲಿ ಇದೆ. ನಿಮ್ಮ ತಂದೆಯವರ ವಿಷಯದಲ್ಲಿ ಅದು ತಡವಾದೀತು, ಘನವಾದದ್ದು ಅವರ ಜಠರದಲ್ಲೇ ಕುಳಿತುಬಿಡುತ್ತದೆ. ಸುಮಾರು 15 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ಮಂಜಾಗಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸ್ಕ್ಯಾನ್ ಬಗ್ಗೆ ಹೇಳುವುದಾದರೆ, ಟೆಕ್ನೀಷಿಯಂ ಎಂಬ ವಿಕಿರಣ ಧಾತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದ ಘನ ಆಹಾರ ತಿನ್ನಿಸಿ, ನಾಲ್ಕು ಗಂಟೆಗಳವರೆಗೆ ಆಗಾಗ ಚಿತ್ರ ತೆಗೆಯುತ್ತಾರೆ. ನಾಲ್ಕನೆಯ ಗಂಟೆಗೆ 10 ಪ್ರತಿಶತಕ್ಕಿಂತ ಹೆಚ್ಚು ಉಳಿದಿದ್ದರೆ ಜಠರ ನಿಧಾನವೆಂದು ತೀರ್ಮಾನ. ಕಾಯಿಲೆಯ ಹೆಸರು ಖಚಿತವಾಗುವುದು ಇದರಿಂದಲೇ. ಎಂಡೋಸ್ಕೋಪಿ ತಡೆಯಿಲ್ಲವೆಂದು ಹೇಳಬಲ್ಲುದೇ ಹೊರತು ವೇಗವನ್ನು ಅಳೆಯಲಾರದು. ಮಾತ್ರೆಗೆ ಗುಣ ಕಾಣದಿದ್ದರೆ, ತೂಕ ಇಳಿಯುತ್ತಿದ್ದರೆ ಹೋಗಿಬರುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅಲ್ಲಿ ರೂಢಿಯಲ್ಲಿರುವ ಆಹಾರ ಮೊಟ್ಟೆಯದ್ದಾಗಿರಬಹುದು. ನಿಮ್ಮಲ್ಲಿ ಮೊಟ್ಟೆ ತಿನ್ನುವುದಿಲ್ಲವಾದರೆ ದಿನ ಗೊತ್ತುಮಾಡುವಾಗಲೇ ತಿಳಿಸಿ. ಜಠರದ ವೇಗ ಬದಲಿಸುವ ಮಾತ್ರೆಗಳನ್ನು ಪರೀಕ್ಷೆಗೆ ಮೊದಲು ಎಷ್ಟು ದಿನ ನಿಲ್ಲಿಸಬೇಕೆಂಬುದನ್ನೂ ಆಗಲೇ ಕೇಳಿ.

ಕೊನೆಗೆ, ಅವರು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಒಮ್ಮೆ ನೋಡಿಸಿ. ಮೆಟೊಕ್ಲೋಪ್ರಮೈಡ್, ಡಾಂಪೆರಿಡೋನ್ ಜಠರವನ್ನು ಚುರುಕುಗೊಳಿಸಲು ಕೊಡುವಂಥವು. ಮೊದಲನೆಯದನ್ನು ಬಹುಕಾಲ ನುಂಗಿದರೆ ಮುಖದ ಸ್ನಾಯುಗಳು ತಾವಾಗಿಯೇ ಚಲಿಸುವ ತೊಂದರೆ ಬರಬಹುದು, ಎರಡನೆಯದು ಹೃದಯದ ಲಯವನ್ನು ಏರುಪೇರು ಮಾಡಬಹುದು, ಆದ್ದರಿಂದ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತರುತ್ತಲೇ ಇರಬೇಡಿ. ಇದಕ್ಕೆ ಪ್ರತಿಯಾಗಿ ಜಠರವನ್ನು ನಿಧಾನಗೊಳಿಸುವ ಮಾತ್ರೆಗಳೂ ಅದೇ ಚೀಲದಲ್ಲಿ ಇರುವುದುಂಟು. ಸಕ್ಕರೆ ಕಾಯಿಲೆಯವರ ಕಾಲುರಿಗೆ ಕೊಡುವ ಅಮಿಟ್ರಿಪ್ಟಿಲಿನ್ ಅಸಿಟೈಲ್‌ಕೋಲಿನ್ನಿಗೆ ಅಡ್ಡ ಬರುತ್ತದೆ, ಮಂಡಿನೋವಿಗೆ ಕೊಡುವ ಟ್ರಮಡಾಲ್ ಜಠರದ ಚಲನೆಯನ್ನು ಕುಗ್ಗಿಸುತ್ತದೆ, ಲಿರಾಗ್ಲುಟೈಡ್, ಸೆಮಾಗ್ಲುಟೈಡ್ ಎಂಬ ಹೊಸ ಸಕ್ಕರೆ ಔಷಧಗಳು ಜಠರವನ್ನು ನಿಧಾನಗೊಳಿಸುವ ಗುಣವುಳ್ಳವು. ಬೇರೆ ಬೇರೆ ವೈದ್ಯರು ಬರೆದ ಇಂಥ ಮಾತ್ರೆ ನಿಮ್ಮ ತಂದೆಯವರ ಪಟ್ಟಿಯಲ್ಲಿದ್ದರೆ, ಹೊಸದೊಂದನ್ನು ಸೇರಿಸುವ ಮೊದಲು ಅದನ್ನು ಬದಲಿಸಬಹುದೇ ಎಂದು ಕೇಳಿ.